ತೆನೆಯ ಆಶೀರ್ವಾದವೂ ಗದ್ದೆಯ ಮಣ್ಣೂ

ಪ್ರತಿವರ್ಷ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಕರಾವಳಿಯ ಚರ್ಚುಗಳಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಭಕ್ತವಿಶ್ವಾಸಿಗಳಿಗೆ ಹಂಚಲಾಗುತ್ತದೆ. ಮನೆಗೆ ತಂದ ತೆನೆಯ ಕಾಳನ್ನು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಹಿರಿಯರಿಂದ ಹಸುಳೆಗಳವರೆಗೆ ಎಲ್ಲರೂ ಸೇವಿಸುತ್ತಾರೆ. ಆದರೆ ಆ ತೆನೆ ಯಾವ ಗದ್ದೆಯದು, ಆ ಗದ್ದೆಗೆ ಏನನ್ನು ಸುರಿಯಲಾಗಿತ್ತು ಎಂದು ವಿಚಾರಿಸುವವರು ವಿರಳ. ಬೈಲುಗಳು ಹಡಿಲು ಬಿದ್ದೋ ಅಡಿಕೆ ತೋಟಗಳಾಗಿಯೋ ಮಾರ್ಪಟ್ಟಿರುವ ಊರುಗಳಲ್ಲಂತೂ ತೆನೆಯನ್ನೇ ಹೊರಗಿನಿಂದ ತರಿಸಬೇಕಾದ ಸ್ಥಿತಿ ಒದಗಿದೆ.

ನಮ್ಮ ಅಜ್ಜಂದಿರಿಗೆ 'ಸಾವಯವ' ಎಂಬ ಪದ ತಿಳಿದಿರಲಿಲ್ಲ. ಗುಡ್ಡದ ಸೊಪ್ಪನ್ನು ಹಟ್ಟಿಗೆ ಹಾಸಿ, ಸೆಗಣಿ ಗಂಜಲಗಳೊಡನೆ ಕೊಳೆತದ್ದನ್ನು ಗದ್ದೆಗೆ ಹೊರುತ್ತಿದ್ದರು; ಬೂದಿ, ಸುಡುಮಣ್ಣುಗಳನ್ನು ಬಳಸುತ್ತಿದ್ದರು. ಇದರ ಹಿಂದಿನ ವಿವೇಕ ಗಮನಾರ್ಹವಾದುದು. ಕರಾವಳಿಯದು ಬಹುಪಾಲು ಮುರಕಲ್ಲಿನ ಮಣ್ಣು, ಸ್ವಭಾವತಃ ಆಮ್ಲೀಯ. ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಅದರ ಸಾರವನ್ನು ತೊಳೆದೊಯ್ಯುತ್ತದೆ. ಇಂಥ ಮಣ್ಣಿನಲ್ಲಿ ಸಾರವನ್ನೂ ತೇವವನ್ನೂ ಹಿಡಿದಿಡಬಲ್ಲದ್ದು ಕೊಳೆತ ಸೊಪ್ಪು ಸದೆಯಿಂದಾದ ಜೀವಾಂಶ ಮಾತ್ರ. ನೀರು ನಿಂತ ಗದ್ದೆಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಅರ್ಧಕ್ಕಿಂತಲೂ ಹೆಚ್ಚು ಪಾಲು ಸಾಮಾನ್ಯವಾಗಿ ಪೈರಿಗೆ ದಕ್ಕದೆ, ಗಾಳಿಗೂ ತೋಡಿನ ನೀರಿಗೂ ಸೇರುತ್ತದೆ. ಮೊದಲೇ ಹುಳಿಯಾದ ಮಣ್ಣು ಕಾಲಕ್ರಮದಲ್ಲಿ ಇನ್ನಷ್ಟು ಹುಳಿಯಾಗುತ್ತದೆ. ರೈತನು ಹಣ ಕೊಟ್ಟು ಕೊಂಡದ್ದು ನೆರೆಯವನ ಬಾವಿಯನ್ನು ಕೆಡಿಸುವುದೆಂದರೆ ಅದೆಂಥ ಲಾಭ!

ಕೀಟನಾಶಕಗಳ ವಿಷಯದಲ್ಲಿ ನಾವು ದೂರದ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಲಾದ ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ತಡೆದದ್ದು 2011ರ ಮೇ ತಿಂಗಳಲ್ಲಿ. ದಕ್ಷಿಣ ಕನ್ನಡದ ಗೇರುತೋಟಗಳ ಆಸುಪಾಸಿನ ಹಳ್ಳಿಗಳಲ್ಲಿಯೂ ಹಾಸಿಗೆ ಬಿಟ್ಟೇಳಲಾರದ ಮಕ್ಕಳನ್ನು ಸಾಕುತ್ತಿರುವ ತಾಯಂದಿರಿದ್ದಾರೆ.

ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ಎಂಬ ವಿಶ್ವಪತ್ರವು ರಾಸಾಯನಿಕ ಗೊಬ್ಬರ, ಕೀಟನಾಶಕ, ಕಳೆನಾಶಕಗಳನ್ನು ಹೆಸರಿಸಿಯೇ ಎಚ್ಚರಿಸಿದೆ. ಆದಿಕಾಂಡದಲ್ಲಿ ಆದಿಮಾನವನಿಗೆ ತೋಟವನ್ನು ಒಪ್ಪಿಸಿದ್ದು ವ್ಯವಸಾಯಕ್ಕಾಗಿ ಮಾತ್ರವಲ್ಲ, ಕಾವಲಿಗಾಗಿಯೂ ಹೌದು ಎಂಬುದು ಅದರ ತಿರುಳು. ವಿಶ್ವಪತ್ರದ ಕುರಿತು ವಿಚಾರಸಂಕಿರಣಗಳು ಸಾಕಷ್ಟು ನಡೆದಿವೆ. ಗದ್ದೆಗಳಲ್ಲಿ ಕಂಡ ಫಲ ಮಾತ್ರ ಅತ್ಯಲ್ಪ.

ಇಲ್ಲಿ ಅವಸರವೂ ಸಲ್ಲದು. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಷೇಧಿಸಿ, ಭತ್ತದ ಇಳುವರಿ ಕುಸಿದು, ಅದೇ ವರ್ಷ ಆಜ್ಞೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. ಸೋತು ಹೋದ ಮಣ್ಣು ಚೇತರಿಸಿಕೊಳ್ಳಲು ಸಮಯ ಬೇಕು. ಸಾವಯವ ದೃಢೀಕರಣದ ನಿಯಮಗಳೇ ಭತ್ತದಂಥ ಬೆಳೆಗೆ 2 ವರ್ಷ, ತೆಂಗು ಅಡಿಕೆಗಳಿಗೆ 3 ವರ್ಷಗಳ ಪರಿವರ್ತನಾ ಅವಧಿಯನ್ನು ವಿಧಿಸುತ್ತವೆ. ಆ ವರ್ಷಗಳಲ್ಲಿ ಇಳುವರಿ ತಗ್ಗುವುದುಂಟು. ಹಟ್ಟಿಯಲ್ಲಿ ದನವೇ ಇಲ್ಲದ ಇಂದಿನ ದಿನಗಳಲ್ಲಿ ಗೊಬ್ಬರ ಎಲ್ಲಿಂದ ಬರಬೇಕೆಂಬ ರೈತನ ಪ್ರಶ್ನೆಯೂ ನ್ಯಾಯವಾದುದೇ. ಎರಡೆಕರೆಯ ಕೃಷಿಕನು ಈ ಭಾರವನ್ನು ಒಬ್ಬನೇ ಹೊರಲಾರ.

ಆದುದರಿಂದಲೇ ಸ್ವಂತ ಜಮೀನುಳ್ಳ ಧರ್ಮಕೇಂದ್ರಗಳು ಮೊದಲ ಹೆಜ್ಜೆಯನ್ನಿಡಬೇಕೆಂದು ನಮ್ಮ ಅಭಿಪ್ರಾಯ. ಇಳುವರಿ ಕಡಿಮೆಯಾದರೆ ಚರ್ಚು ಸಹಿಸೀತು. ಹಬ್ಬದ ತೆನೆಗೆ ಒಂದು ಮುಡಿ ಗದ್ದೆ ಸಾಕು. ಬೀಜಕ್ಕೂ ಕೊರತೆಯಿಲ್ಲ: 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದ ಸತ್ಯನಾರಾಯಣ ಬೇಳೇರಿಯವರಿಗೆ 2024ರಲ್ಲಿ ಪದ್ಮಶ್ರೀ ದೊರೆತದ್ದು ನೆರೆಯ ಕಾಸರಗೋಡಿನಲ್ಲಿಯೇ.

ಸೆಪ್ಟೆಂಬರಿನ ಮೊದಲ ವಾರದಲ್ಲಿ ತೆನೆ ಒಡೆಯಬೇಕಾದರೆ ಅಲ್ಪಾವಧಿಯ ತಳಿಯನ್ನು ಆರಿಸಿ, ಮೇ ಕೊನೆಯೊಳಗೆ ನೇಜಿಗೆ ಬಿತ್ತಬೇಕು. ಸೊಪ್ಪು, ಹಟ್ಟಿಗೊಬ್ಬರಗಳು ಬೇಸಿಗೆಯಲ್ಲಿಯೇ ಸಿದ್ಧವಿರಬೇಕು. ದನ ಸಾಕುವ ನಾಲ್ಕು ಮನೆಗಳನ್ನು ಪ್ರತಿ ವಾರ್ಡಿನ ಗುರಿಕಾರರು ಈಗಲೇ ಗುರುತಿಸಿದರೆ, ಪಾಸ್ಖ ಹಬ್ಬದ ಮೊದಲಿನ ಪಾಲನಾ ಪರಿಷತ್ತಿನ ಸಭೆಯಲ್ಲಿ ಗದ್ದೆಯನ್ನು ನಿರ್ಧರಿಸಬಹುದು.