ಕೆಂಪಿಗೆ ಹದಿನೆಂಟು, ಮೇಜಿನವನಿಗೆ ಹತ್ತೊಂಬತ್ತು



ತೂಕದಲ್ಲಿ ಚೀಲಕ್ಕೆ ಅರ್ಧ ಕಿಲೋ ಹೆಚ್ಚು ಮುರಿದರೆ ನಾವು ಸುಮ್ಮನಿರುವ ಜನ ಅಲ್ಲ. ರಾಶಿಗೋ ಚಾಲಿಗೋ ಪಕ್ಕದ ಪೇಟೆಗಿಂತ ಐವತ್ತು ರೂಪಾಯಿ ಕಮ್ಮಿ ಬಿದ್ದರೆ ಸೊಸೈಟಿ ಕಟ್ಟೆಯ ಮೇಲೆ ಅರ್ಧ ದಿನ ವಾದ ನಡೆಯುತ್ತದೆ. ಬೆಳೆದವನ ಲೆಕ್ಕ ಬೆಳೆದವನ ಕೈಯಲ್ಲೇ ಇರಬೇಕು ಅಂತ ಶಿರಸಿಯಲ್ಲಿ 1923ರಷ್ಟು ಹಿಂದೆಯೇ ತೋಟಗಾರರ ಸೇಲ್ ಸೊಸೈಟಿ ಕಟ್ಟಿದ ಸೀಮೆ ನಮ್ಮದು. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಲೆಕ್ಕ ಹೇಳಿಕೊಡಬೇಕಾದ್ದಿಲ್ಲ.

ಹಾಗಿದ್ದ ಮೇಲೆ, ಇದೇ ಜನ ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಇಳಿದು, ಕಾರವಾರ ದಾಟಿ, ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತಿದ ಕೂಡಲೇ ಲೆಕ್ಕವನ್ನೆಲ್ಲ ದಡದಲ್ಲೇ ಬಿಟ್ಟು ಹೋಗುವುದು ಯಾಕೆ? ಮೋಜಿಗೆ ಹೋದವನ ಮಾತು ಬೇರೆ. ನಾವು ಹೇಳುತ್ತಿರುವುದು ಅಡಿಕೆ ಪಟ್ಟಿಯ ದುಡ್ಡು, ಬೆಳೆಸಾಲದ ದುಡ್ಡು ಹಿಡಿದುಕೊಂಡು ‘ಒಂದು ಕೈ ನೋಡಿಯೇ ಬಿಡುವಾ, ಸಾಲ ತೀರಿಸಿಕೊಂಡು ಬರುವಾ’ ಎಂದು ಹೊರಡುವವನ ವಿಷಯ. ಅವನು ಹೇಳುವುದು ಒಂದೇ ಮಾತು: ‘ಕೆಂಪು ಇಲ್ಲ ಕಪ್ಪು, ಅರ್ಧಕ್ಕರ್ಧ ಅವಕಾಶ ಇದೆಯಲ್ಲ ಮಾರಾಯ!’

ಅರ್ಧಕ್ಕರ್ಧ ಇಲ್ಲ. ಅದೇ ಮೊದಲ ಸುಳ್ಳು.

ರೂಲೆಟ್ ಚಕ್ರದಲ್ಲಿ 37 ಮನೆ. 18 ಕೆಂಪು, 18 ಕಪ್ಪು, ಉಳಿದ ಒಂದು ಹಸಿರು. ಅದರ ಮೇಲೆ ಸೊನ್ನೆ. ಕೆಂಪಿನ ಮೇಲೆ 100 ರೂಪಾಯಿ ಇಟ್ಟು ಕೆಂಪು ಬಿದ್ದರೆ ಇಟ್ಟ 100 ವಾಪಸು, ಮೇಲೆ ಇನ್ನೊಂದು 100. ಕಪ್ಪು ಬಿದ್ದರೆ 100 ಹೋಯಿತು. ಸೊನ್ನೆ ಬಿದ್ದರೆ? ಆಗಲೂ ಹೋಯಿತು. ಕೆಂಪಿನವನದೂ ಹೋಯಿತು, ಕಪ್ಪಿನವನದೂ ಹೋಯಿತು. ಸಮ-ಬೆಸ ಆಡಿ, 1ರಿಂದ 18 ಅಥವಾ 19ರಿಂದ 36 ಎಂದು ಆಡಿ, ಸಾಮಾನ್ಯ ನಿಯಮ ಇಷ್ಟೇ. ನಿಮಗೆ 18 ಮನೆ, ಮೇಜಿನವನಿಗೆ 19.

37 ಸುತ್ತಿನಲ್ಲಿ ಎಲ್ಲ ಮನೆಯೂ ಒಂದೊಂದು ಸಲ ಬಿತ್ತು ಎಂದಿಟ್ಟುಕೊಳ್ಳಿ. ಪ್ರತಿ ಸುತ್ತಿಗೂ ಕೆಂಪಿನ ಮೇಲೆ 100 ಇಟ್ಟವನು 18 ಸಲ ಗೆದ್ದ, 19 ಸಲ ಸೋತ. ಒಟ್ಟು ಇಟ್ಟದ್ದು 3,700, ಕಳಕೊಂಡದ್ದು 100. ನೂರಕ್ಕೆ 2.70. ಎರಡು ಸೊನ್ನೆಯ ಚಕ್ರವಾದರೆ 38 ಮನೆ. ಆಗ ನೂರಕ್ಕೆ 5.26. ಇದು ಚಕ್ರದ ದಲಾಲಿ. ಇದಕ್ಕೆ ಕಳ್ಳಗುಂಡು ಬೇಡ, ಮೇಜಿನಡಿ ಅಯಸ್ಕಾಂತ ಬೇಡ. ಚಕ್ರ ಎಷ್ಟು ಪ್ರಾಮಾಣಿಕವಾಗಿ ತಿರುಗಿದರೂ ಈ ದಲಾಲಿ ತಪ್ಪುವುದಿಲ್ಲ.

‘ನೂರಕ್ಕೆ ಮೂರೂ ಇಲ್ಲ, ಅದೇನು ಮಹಾ!’ ಎನ್ನುವವರಿದ್ದಾರೆ. ಸ್ವಾಮಿ, ಮಂಡಿಯ ದಲಾಲಿ ಒಂದು ಚೀಲಕ್ಕೆ ಒಂದೇ ಸಲ. ಚಕ್ರದ ದಲಾಲಿ ಸುತ್ತು ಸುತ್ತಿಗೂ. ಗಂಟೆಗೆ 40 ಸುತ್ತು, ಸುತ್ತಿಗೆ 2,000 ರೂಪಾಯಿ, ಐದು ಗಂಟೆ ಆಟ ಎಂದು ಹಿಡಿಯಿರಿ. ಮೇಜಿನ ಮೇಲೆ ಓಡಾಡಿದ ಹಣ 4 ಲಕ್ಷ! ಕೈಯಿಂದ ತಂದದ್ದು ಐವತ್ತು ಸಾವಿರವೇ ಇರಬಹುದು. ಅದೇ ನೋಟು ಹೋಗಿ ಬಂದು, ಹೋಗಿ ಬಂದು ನಾಲ್ಕು ಲಕ್ಷವಾಯಿತು. ಆ ನಾಲ್ಕು ಲಕ್ಷದ ಮೇಲೆ ದಲಾಲಿ ಸರಾಸರಿ 10,800. ಬೆಳೆಸಾಲದ ಸೊನ್ನೆ ಬಡ್ಡಿಯ ಮಿತಿಯನ್ನು ರಾಜ್ಯ ಸರಕಾರ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದು 2023ರ ಬಜೆಟ್ಟಿನಲ್ಲಿ. ಅದರಾಚೆಯ ದೀರ್ಘಾವಧಿ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 3. ಈ ಬಡ್ಡಿ ಇಳಿಸಲು ರೈತರು ಎಷ್ಟು ವರ್ಷ ಗಂಟಲು ಹರಿದುಕೊಂಡಿಲ್ಲ! ವರ್ಷಕ್ಕೆ ಮೂರು ಕೊಡಲು ಒದ್ದಾಡುವವನು ಒಂದೂವರೆ ನಿಮಿಷಕ್ಕೆ 2.70 ಕೊಟ್ಟು ಬರುವುದು ಯಾವ ಸಂಸಾರದ ಲೆಕ್ಕ?

ಇನ್ನೊಂದು ಲೆಕ್ಕ ಕೇಳಿ. ಒಬ್ಬ ಒಂದು ಲಕ್ಷ ತಂದ. ಬುದ್ಧಿವಂತ, ಜೋಪಾನದವ. ಪ್ರತಿ ಸಲ ಕೆಂಪಿನ ಮೇಲೆ ಒಂದೇ ಸಾವಿರ ಇಡುತ್ತಾನೆ. ಎರಡು ಲಕ್ಷವಾದರೆ ಏಳುವುದು, ಇಲ್ಲವಾದರೆ ಖಾಲಿಯಾಗುವ ತನಕ ಕೂರುವುದು. ಇವನು ದುಪ್ಪಟ್ಟು ಮಾಡಿಕೊಂಡು ಏಳುವ ಸಂಭವ ಎಷ್ಟು? ಅರ್ಧಕ್ಕಿಂತ ತುಸು ಕಮ್ಮಿ ಅನ್ನುತ್ತೀರಿ. ಅಲ್ಲ. 224ಕ್ಕೆ ಒಂದು! 224 ಜನ ಹೀಗೆ ಕೂತರೆ ಲೆಕ್ಕದ ಪ್ರಕಾರ ಒಬ್ಬ ಎರಡು ಲಕ್ಷ ಹಿಡಿದು ಊರಿಗೆ ಬರುತ್ತಾನೆ, 223 ಜನ ಬರಿಗೈಲಿ. ಒಂದು ಸುತ್ತಿನಲ್ಲಿ ಕಾಣದಷ್ಟು ಸಣ್ಣ ಕಡಿತ, ನೂರಾರು ಸುತ್ತಿಗೆ ಗೆದ್ದಲು ತಿಂದ ತೊಲೆಯ ಹಾಗೆ. ಬಸ್ಸ್ಟ್ಯಾಂಡಿನಲ್ಲಿ ಕತೆ ಹೇಳುವವನು ಮಾತ್ರ ಆ ಒಬ್ಬನೇ. ಉಳಿದವರು ಬಾಯಿ ಬಿಡುವುದಿಲ್ಲ, ಮನೆಯಲ್ಲೂ ಬಿಡುವುದಿಲ್ಲ.

‘ಅದಕ್ಕೊಂದು ಉಪಾಯ ಇದೆ’ ಎಂದು ಕಲಿಸುವ ಮಹನೀಯರೂ ಇದ್ದಾರೆ. ಸೋತರೆ ದುಪ್ಪಟ್ಟು ಇಡು, ಮತ್ತೆ ಸೋತರೆ ಮತ್ತೆ ದುಪ್ಪಟ್ಟು. ಒಮ್ಮೆ ಗೆದ್ದರೆ ಎಲ್ಲ ವಾಪಸು, ಮೇಲೆ 500 ಲಾಭ! ಸರಿ, ಬರೆದು ನೋಡುವಾ. 500, 1,000, 2,000, 4,000, 8,000, 16,000, 32,000. ಏಳು ಸಲ ಸಾಲಾಗಿ ಸೋತರೆ ಹೋದದ್ದು 63,500. ಎಂಟನೆಯದಕ್ಕೆ 64,000 ಬೇಕು. ಕಿಸೆಯಲ್ಲಿ ಇದೆಯೋ? ಇದ್ದರೂ ಮೇಜಿನವನು ಇಂತಿಷ್ಟಕ್ಕಿಂತ ಹೆಚ್ಚು ಇಡುವಂತಿಲ್ಲ ಎಂದು ಮೊದಲೇ ಬೋರ್ಡು ಹಾಕಿದ್ದಾನೆ. ಏಳು ಸಾಲು ಸೋಲು ಸುಮಾರು 106 ಸರದಿಗೆ ಒಮ್ಮೆ ಬರುತ್ತದೆ. 105 ಸರದಿ ಗೆದ್ದು ಕೂಡಿಟ್ಟದ್ದು 52,500. ಒಂದೇ ಸರದಿಗೆ ಹೋಗುವುದು 63,500. ಇಲ್ಲಿ ಉಪಾಯ ಯಾರದು?

‘ಐದು ಸಲ ಕೆಂಪು ಬಿತ್ತು, ಇನ್ನು ಕಪ್ಪೇ ಬರಬೇಕು’ ಎಂಬುದು ಇನ್ನೊಂದು ಮರುಳು. ರೈತನಿಗೆ ಹೀಗನಿಸುವುದಕ್ಕೆ ಕಾರಣವೂ ಇದೆ. ಮರ ಒಂದು ವರ್ಷ ಜಾಸ್ತಿ ಹಿಡಿದರೆ ಮರುವರ್ಷ ಸೋಲುತ್ತದೆ. ಮರಕ್ಕೆ ಹಿಂದಿನ ಫಸಲಿನ ಆಯಾಸ ಇರುತ್ತದೆ. ಚಕ್ರಕ್ಕೆ ಆಯಾಸವೂ ಇಲ್ಲ, ನೆನಪೂ ಇಲ್ಲ. 1913ರ ಆಗಸ್ಟ್ 18ರಂದು ಮೊನಾಕೊ ದೇಶದ ಮಾಂಟೆ ಕಾರ್ಲೊದಲ್ಲಿ ಸಾಲಾಗಿ 26 ಸಲ ಕಪ್ಪೇ ಬಿತ್ತು. ಇನ್ನು ಕೆಂಪೇ ಎಂದು ಸುರಿದವರೆಲ್ಲ ಮುಳುಗಿದರು.

ಊರಲ್ಲೇ ಆಡುವವರೂ ನಗಬೇಡಿ. ಅಂದರ್-ಬಾಹರ್ ಸಮಸಮ ಅನ್ನುತ್ತೀರಿ. ಮೊದಲ ಎಲೆ ಬೀಳುವ ಬದಿ ಗೆಲ್ಲುವುದು ನೂರಕ್ಕೆ 51.5, ಇನ್ನೊಂದು ಬದಿ 48.5. ಓಸಿಯಲ್ಲಿ ನೂರು ಅಂಕೆಗೆ ಒಂದು ಬರುವುದು, ಕೊಡುವುದು ರೂಪಾಯಿಗೆ 80. ಅಂದರೆ ನೂರಕ್ಕೆ 20 ಬರೆಯುವವನ ಪಾಲು!

ಕೊನೆಗೆ ಒಂದು ಕಟಕಿ ಬರುತ್ತದೆ: ‘ಅಡಿಕೆಯೂ ಜೂಜೇ ಅಲ್ಲವೋ? ದರ ಏರುತ್ತದೆ, ಇಳಿಯುತ್ತದೆ, ಕೊಳೆ ಬಂದರೆ ಎಲ್ಲ ಹೋಯಿತು.’ ಹೌದು, ನಷ್ಟದ ಭಯ ಎರಡರಲ್ಲೂ ಇದೆ. ಆದರೆ ಕೊಳೆಗೆ ಬೋರ್ಡೋ ಹೊಡೆಯಬಹುದು. ದರ ಬಿದ್ದರೆ ಒಣಗಿಸಿ ಇಟ್ಟು ಕಾಯಬಹುದು, ಸೊಸೈಟಿಯಲ್ಲಿ ಅಡವಿಟ್ಟು ಮುಂಗಡ ಪಡೆಯಬಹುದು, ಸಂಘಟನೆ ಕಟ್ಟಿ ಸರಕಾರವನ್ನು ಕೇಳಬಹುದು. ಚಕ್ರದ ಎದುರು ಯಾವ ಔಷಧಿ ಹೊಡೆಯುತ್ತೀರಿ? ಸೊನ್ನೆಯ ವಿರುದ್ಧ ಯಾವ ಕಚೇರಿಗೆ ಮನವಿ ಕೊಡುತ್ತೀರಿ?

ಗೋವಾ ಸರಕಾರದ ಜಾಣತನವನ್ನೂ ನೋಡಿ. 1976ರ ತನ್ನ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಿಗೆ, 1996ರಲ್ಲಿ ಹಡಗುಗಳಿಗೆ ಬಾಗಿಲು ತೆರೆಯಿತು. 2020ರ ಫೆಬ್ರವರಿಯಿಂದ ಗೋವಾದವರಿಗೆ ಮಾತ್ರ ಕ್ಯಾಸಿನೊ ಮೇಜಿನ ಹತ್ತಿರ ಪ್ರವೇಶವಿಲ್ಲ ಎಂದಿತು. ತನ್ನ ಮಕ್ಕಳಿಗೆ ಬೇಡವಾದ ಅಡುಗೆಯನ್ನು ನೆರೆಮನೆಯವರ ಎಲೆಗೆ ಬಡಿಸಿದ ಹಾಗೆ! ನಮ್ಮಲ್ಲಿ 2007ರಲ್ಲಿ ಲಾಟರಿ ನಿಂತಿತು. ಹಣದ ಆನ್‌ಲೈನ್ ಆಟ ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟಿನಲ್ಲಿ ಸಂಸತ್ತೇ ಪಾಸು ಮಾಡಿತು. ಆದರೆ ಘಟ್ಟ ಇಳಿದು ಹೋಗುವವನನ್ನು ಯಾವ ಕಾಯ್ದೆಯೂ ತಡೆಯುವುದಿಲ್ಲ.

ಆದ್ದರಿಂದ ಕೆಲಸ ನಮ್ಮದೇ. ಮುಂದಿನ ಸಭೆಯಲ್ಲಿ ದರ, ಸಾಲದ ಮಾತು ಮುಗಿದ ಮೇಲೆ ಹಲಗೆಯ ಮೇಲೆ 37 ಮನೆ ಬರೆದು ಹತ್ತು ನಿಮಿಷ ಈ ಲೆಕ್ಕ ಹೇಳಿ. ಈಗಾಗಲೇ ಕಳಕೊಂಡವನಿಗೆ ಛೀಮಾರಿ ಬೇಡ. ಮುಚ್ಚಿಟ್ಟ ಸಾಲವೇ ಕೈಗಡದ ಬಡ್ಡಿಗೆ ಬಿದ್ದು ಬೆಳೆಯುವುದು. ಮನೆಯವರೆದುರು, ಸೊಸೈಟಿಯೆದುರು ಬಾಯಿ ಬಿಟ್ಟು ಹೇಳಲು ಅವನಿಗೆ ಧೈರ್ಯ ಕೊಡಿ. ಹೋದದ್ದನ್ನು ಅದೇ ಮೇಜಿನಲ್ಲಿ ವಾಪಸು ತರುತ್ತೇನೆಂದು ಹೊರಟವನ ಕೈ ಹಿಡಿದು ನಿಲ್ಲಿಸಿ. ಅಲ್ಲಿ ಅವನಿಗಾಗಿ ಇಟ್ಟದ್ದು 18 ಮನೆ ಮಾತ್ರ.