ದೋಣಿಗೆ ವಿಶ್ರಾಂತಿ, ಸೊಳ್ಳೆಗೆ ಸುಗ್ಗಿ

ಗ್ರೀಸಿನ ಹಿನ್ನೀರಿನ ಪಟ್ಟಣ ಮಿಸೊಲೋಂಗಿಯಲ್ಲಿ ಆಂಗ್ಲ ಕವಿ ಬೈರನ್ 1824ರಲ್ಲಿ ಜ್ವರದಿಂದ ಮೃತನಾದನು. ಇಂದು ವಿಹಾರನೌಕೆಯವರು ಅಲ್ಲಿ ಲಂಗರು ಹಾಕಿ, ನೌಕೆಯಲ್ಲೇ ಚಳಿಗಾಲ ಕಳೆಯುತ್ತಾರೆ.

ಜೋಗೇಶ್ವರಿಯ ಕನ್ನಡಿಗರ ನೆರೆಯಲ್ಲಿರುವ ವರ್ಸೋವಾದ ದೋಣಿಗಳಿಗೆ, ಊರಿನ ಮಲ್ಪೆಯ ದೋಣಿಗಳಂತೆಯೇ, ಮಳೆಗಾಲವೇ ವಿಶ್ರಾಂತಿಕಾಲ. ಜೂನ್, ಜುಲೈಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನವೃದ್ಧಿಗೆ ಅದು ಅವಶ್ಯವೇ ಸರಿ. ಆದರೆ ಕಟ್ಟಿಹಾಕಿದ ದೋಣಿಯ ತಾಡಪತ್ರಿಯ ಮಡಿಕೆಗಳಲ್ಲಿ, ಬದಿಗೆ ತೂಗುವ ಹಳೆಯ ಟಯರುಗಳಲ್ಲಿ ನಿಂತ ಮಳೆನೀರು ಸೊಳ್ಳೆಗಳಿಗೆ ತೊಟ್ಟಿಲಾಗುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಸುಮಾರು 10 ದಿನ ಸಾಕು. ಆಗ ಮಲೇರಿಯ, ಡೆಂಗೆಗಳು ದೋಣಿ ಕಾಯುವವನನ್ನಷ್ಟೇ ಅಲ್ಲ, ದಡದ ಚಾಳಿನವರನ್ನೂ ಪೀಡಿಸುತ್ತವೆ. ಆದುದರಿಂದ ವಾರಕ್ಕೊಮ್ಮೆ ಆ ನೀರನ್ನು ಚೆಲ್ಲಿಸುವ ಕಟ್ಟಳೆಯೂ ನಿಷೇಧದ ಜತೆಗಿರಬೇಕು. ಮೀನಿಗೆ ದೊರೆತ ರಕ್ಷಣೆ ಮನುಷ್ಯನಿಗೂ ದೊರೆಯಲಿ.