ಪ್ರಬಂಧ ಬೀರುವಿನಲ್ಲಿದ್ದರೆ ಯಾರಿಗೆ ಲಾಭ?

ಕಲಬುರಗಿಗೆ ಈಗ ವೈದ್ಯಕೀಯ ಕಾಲೇಜುಗಳ ಬರವಿಲ್ಲ. 1963ರಲ್ಲಿ ಶುರುವಾದ ಮಹಾದೇವಪ್ಪ ರಾಂಪುರೆ ಕಾಲೇಜು, ಸರ್ಕಾರದ ಜಿಮ್ಸ್, ಇಎಸ್‌ಐಸಿ, ಖಾಜಾ ಬಂದಾನವಾಜ್ ಎಲ್ಲವೂ ಒಂದೇ ಊರಿನಲ್ಲಿವೆ. ಎಂಡಿ, ಎಂಎಸ್ ಓದುವ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆದುಕೊಡಲೇಬೇಕು. ಅದರೊಳಗಿನ ರೋಗಿಗಳು ಜೇವರ್ಗಿ, ಸೇಡಂ, ಕಮಲಾಪುರದಿಂದ ಬಸ್ಸು ಹತ್ತಿ ಬಂದವರು. ಪರೀಕ್ಷೆ ಮುಗಿದ ಮೇಲೆ ಪ್ರಬಂಧ ಬೀರು ಸೇರುತ್ತದೆ. ಇವನ್ನೂ ಅಧ್ಯಾಪಕರ ಲೇಖನಗಳನ್ನೂ ಯಾರು ಬೇಕಾದರೂ ಪುಕ್ಕಟೆ ಓದುವಂತೆ ಕಾಲೇಜಿನದೇ ಮುಕ್ತ ಭಂಡಾರದಲ್ಲಿ ಇಡಿ ಅಂದರೆ ಸಾಕು, ತಕರಾರುಗಳು ಸಾಲುಗಟ್ಟುತ್ತವೆ.

ಈಗಿನ ದೊಡ್ಡ ತಕರಾರು: ‘ಒಂದು ದೇಶ, ಒಂದು ಚಂದಾ’ ಬಂದಾಯ್ತಲ್ಲ, ಇನ್ನು ಭಂಡಾರ ಯಾಕೆ? ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ಯೋಜನೆ ಸಣ್ಣದೇನಲ್ಲ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಸಂಶೋಧನಾ ಪತ್ರಿಕೆಗಳು, ಚಂದಾ ಕಟ್ಟುವುದು ಕೇಂದ್ರವೇ. ಸರ್ಕಾರಿ ಕಾಲೇಜಿನ ಹುಡುಗರಿಗೆ ಇದರಿಂದ ಅನುಕೂಲವಾಗಲಿ. ಆದರೆ ಸೌಲಭ್ಯ ಇರುವುದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ. ರಾಂಪುರೆ ಕಾಲೇಜು ಖಾಸಗಿ ಸಂಸ್ಥೆಯದು, ಹೊರಗುಳಿಯಿತು. ಹುಮನಾಬಾದ್ ದಾರಿಯ ಕಮಲಾಪುರದಲ್ಲಿ ಸರ್ಕಾರಿ ದವಾಖಾನೆಯ ವೈದ್ಯರು ಸರ್ಕಾರದ ಸಂಬಳ ಎಣಿಸುವವರೇ, ಆದರೆ ದವಾಖಾನೆ ಶಿಕ್ಷಣ ಸಂಸ್ಥೆಯಲ್ಲ. ಅದೂ ಹೊರಗೆ. ಹಾವು ಕಚ್ಚಿದವರನ್ನು, ಹೆರಿಗೆ ನೋವಿನವರನ್ನು ಎಲ್ಲರಿಗಿಂತ ಮೊದಲು ನೋಡುವವರೇ ಪಟ್ಟಿಯಲ್ಲಿಲ್ಲ! ಇರಲಿ, ನಾಳೆ ಅವರನ್ನೂ ಸೇರಿಸಿಯಾರು. ಆಗಲೂ ಚಂದಾ ಕಟ್ಟಿದ್ದಕ್ಕೆ ಹೊರಗಿನವರ ಬರಹ ನಮಗೆ ಸಿಗುತ್ತದೆಯೇ ಹೊರತು, ಕಲಬುರಗಿಯಲ್ಲಿ ಬರೆದದ್ದು ಬೀರುವಿನಿಂದ ಆಚೆ ಬರುವುದಿಲ್ಲ.

‘ನಮ್ ಥೀಸಿಸ್ ಯಾರ್ ಓದ್ತಾರ್ರೀ ಸರ?’ ಇದು ಎರಡನೆಯದು. ಇದರ ಜೊತೆಗೇ, ಮುಕ್ತವಾಗಿಟ್ಟರೆ ಬೇರೆ ಲೇಖಕರು ಉಲ್ಲೇಖಿಸುವುದು ಹೆಚ್ಚುತ್ತದೆ ಅನ್ನುವುದು ಬರೀ ಪ್ರಚಾರ ಎಂಬ ಮಾತೂ ಬರುತ್ತದೆ. ಉಲ್ಲೇಖದ ವಿಷಯದಲ್ಲಿ ಎದುರಾಳಿಗಳಿಗೆ ಆಧಾರವಿದೆ. ಸಂಶೋಧಕ ಫಿಲಿಪ್ ಡೇವಿಸ್ ಮತ್ತು ಸಂಗಡಿಗರು ಚೀಟಿ ಎತ್ತಿದ ಹಾಗೆ ಕೆಲವು ಲೇಖನಗಳನ್ನು ಆರಿಸಿ ಮುಕ್ತವಾಗಿಟ್ಟು ನೋಡಿದರು. 2008ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಅವರ ಫಲಿತಾಂಶದಂತೆ ಮೊದಲ ವರ್ಷ ಉಲ್ಲೇಖ ಏರಲಿಲ್ಲ. ಅದೇ ಅಧ್ಯಯನದಲ್ಲಿ ಪೂರ್ಣ ಲೇಖನ ತೆರೆದು ಓದಿದ್ದು ಶೇ. 89ರಷ್ಟು ಹೆಚ್ಚಾಗಿತ್ತು ಅನ್ನುವುದನ್ನು ಮಾತ್ರ ಎದುರಾಳಿಗಳು ಹೇಳುವುದಿಲ್ಲ. ಆ ಹೆಚ್ಚಿನ ಓದುಗರಲ್ಲಿ ಲೇಖನ ಬರೆಯದವರೇ ಬಹಳ ಮಂದಿ ಇದ್ದಿರಬೇಕು. ತಾಲ್ಲೂಕು ವೈದ್ಯರು ಓದಿ ಔಷಧಿ ಬದಲಿಸುತ್ತಾರೆ, ಉಲ್ಲೇಖಿಸಲು ಹೋಗುವುದಿಲ್ಲ. ಬಡ್ತಿಯ ಕಡತ ಹಿಡಿದವರಿಗೆ ಈ ಪ್ರಭಾವ ಕಣ್ಣಿಗೆ ಬೀಳದಿದ್ದರೆ ಆಶ್ಚರ್ಯವಿಲ್ಲ.

ನಮ್ಮ ನಾಡಿನದೇ ಸಂಗತಿ ಹೇಳುತ್ತೇನೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಹೋದ್ಯೋಗಿಗಳೊಂದಿಗೆ 1,620 ಹೆಂಗಸರ ಮೇಲೆ ಒಂದು ಪ್ರಯೋಗ ನಡೆಸಿದರು. ಹೆರಿಗೆಯಾದ ಕೂಡಲೇ ಎಎನ್‌ಎಂಗಳು ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರೆ ರಕ್ತಸ್ರಾವ ತಗ್ಗುತ್ತದೆಯೇ ಎಂಬುದು ಪ್ರಶ್ನೆ. ಅತಿಯಾದ ರಕ್ತಸ್ರಾವ ಕಂಡವರ ಪ್ರಮಾಣ ಶೇ. 12 ಇದ್ದದ್ದು 6.4ಕ್ಕೆ ಇಳಿಯಿತು. ಫಲಿತಾಂಶ 2006ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆಂದು ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಳಗಾವಿಯ ಹಳ್ಳಿಯಲ್ಲಿ ಸಿಕ್ಕ ಉತ್ತರ ಕಮಲಾಪುರದ ಹೆರಿಗೆ ಕೋಣೆಗೆ ಬರಲು ಲಂಡನ್, ಜಿನೀವಾ ಸುತ್ತಬೇಕೆ? ಸುತ್ತಿದರೂ ಕಡೆಗೆ ಬಂತಲ್ಲ ಎನ್ನಬಹುದು. ಬಾರದೆ ಉಳಿದದ್ದೂ ಇದೆ. ಎಬೋಲಾ ಪಿಡುಗು ಬಡಿದ ಮೇಲೆ, 2015ರಲ್ಲಿ, ಲೈಬೀರಿಯಾದ ಆರೋಗ್ಯಾಧಿಕಾರಿಗಳು ತಮ್ಮ ದೇಶದಲ್ಲಿ ಆ ವೈರಸ್ಸಿನ ಸುಳಿವಿದೆ ಎಂದು 1982ರಲ್ಲೇ ಯುರೋಪಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತೆಂದು ಕಂಡುಕೊಂಡರು. ಅಂಥ ಒಂದು ಲೇಖನ ಇಳಿಸಿಕೊಳ್ಳಲು ಆಗ 45 ಡಾಲರ್ ಬೇಕಿತ್ತು, ಅಲ್ಲಿನ ವೈದ್ಯರ ಸುಮಾರು ಅರ್ಧ ವಾರದ ಸಂಬಳ.

‘ಮುಕ್ತ ಅಂದರೆ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಹುಸಿ ಪತ್ರಿಕೆ’ ಎಂಬುದು ಕೇಳಿ ಕೇಳಿ ಸಾಕಾದ ಆರೋಪ. ಲೇಖಕರಿಂದ ಹಣ ಕೀಳುವ ಪತ್ರಿಕೆ ಬೇರೆ, ಎಲ್ಲಿಯೋ ಪ್ರಕಟವಾದ ಲೇಖನದ ಪ್ರತಿಯನ್ನು ಭಂಡಾರದಲ್ಲಿಡುವುದು ಬೇರೆ. ಎರಡನೆಯದಕ್ಕೆ ಲೇಖಕರು ಒಂದು ಕಾಸೂ ಕೊಡಬೇಕಿಲ್ಲ. ಹುಸಿ ಪತ್ರಿಕೆಗಳನ್ನು ಸಾಕಿದ್ದು ಬಡ್ತಿಗೆ ಇಷ್ಟು ಪ್ರಕಟಣೆ ಬೇಕೆಂಬ ನಿಯಮ. ದೊಡ್ಡ ಹೆಸರಿನ ಪತ್ರಿಕೆಗಳೂ ಮೋಸ ಹೋಗುತ್ತವೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತು ಸರ್ಜಿಸ್ಫಿಯರ್ ಕಂಪನಿಯ ಅಂಕಿಅಂಶ ನಂಬಿ ಲ್ಯಾನ್ಸೆಟ್ 2020ರ ಮೇ 22ರಂದು ಲೇಖನ ಹಾಕಿ, ಜೂನ್ 4ಕ್ಕೆ ಹಿಂಪಡೆಯಿತು. ಕೋವಿಡ್ ಲೇಖನವಾದ್ದರಿಂದ ಎಲ್ಲರಿಗೂ ತೆರೆದಿತ್ತು, ಜಗತ್ತಿನ ಎಲ್ಲ ಕಡೆಯವರು ಲೆಕ್ಕ ಕೆದಕಿದರು. ಬೀಗ ಹಾಕಿದ್ದರೆ ಹದಿಮೂರು ದಿನದಲ್ಲಿ ಬಯಲಾಗುತ್ತಿತ್ತೇ?

ಜನ ಓದಿ ತಪ್ಪು ತಿಳಿಯುತ್ತಾರೆ, ತಾವೇ ಔಷಧಿ ತಗೋತಾರೆ ಎನ್ನುವವರು ತಮ್ಮ ಊರನ್ನೇ ಮರೆತಿದ್ದಾರೆ. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರದು ದೇಶದ ಮೊದಲ ಕೋವಿಡ್ ಸಾವು. ಆ ದಿನಗಳಲ್ಲಿ ಜನರನ್ನು ದಾರಿ ತಪ್ಪಿಸಿದ್ದು ವಾಟ್ಸಾಪ್ ಕಷಾಯಗಳು, ಸಂಶೋಧನಾ ಲೇಖನಗಳಲ್ಲ. ಪ್ರಕಾಶಕರು ಕೋವಿಡ್ ಲೇಖನಗಳ ಬೀಗ ತೆಗೆದಿದ್ದರಿಂದ ವುಹಾನ್ ವೈದ್ಯರ ಅನುಭವ ಓದಲು ಇಲ್ಲಿನವರು ಹಣ ಕಟ್ಟಬೇಕಾಗಿರಲಿಲ್ಲ. ಡೆಕ್ಸಾಮೆಥಾಸೋನ್ ಆಮ್ಲಜನಕದ ಮೇಲಿರುವವರ ಜೀವ ಉಳಿಸುತ್ತದೆ ಎಂಬ ಬ್ರಿಟನ್ನಿನ ಅಧ್ಯಯನ ಜೂನ್ 22ರಂದು ಮೆಡ್‌ಆರ್ಕೈವ್ ಎಂಬ ಮುಕ್ತ ಭಂಡಾರಕ್ಕೆ ಬಂತು. ಜೂನ್ 27ಕ್ಕೆ ನಮ್ಮ ಆರೋಗ್ಯ ಸಚಿವಾಲಯ ಅದನ್ನು ಚಿಕಿತ್ಸಾ ಕ್ರಮದಲ್ಲಿ ಸೇರಿಸಿತು. ಪತ್ರಿಕೆಯಲ್ಲಿ ಅದು ಬಂದದ್ದು ಜುಲೈನಲ್ಲಿ. ತಾಲ್ಲೂಕು ದವಾಖಾನೆಯಲ್ಲೂ ಸಿಗುವ ಅಗ್ಗದ ಔಷಧಿ ಅದು. ಪಿಡುಗಿಗೆ ಸರಿಯೆನಿಸಿದ್ದು ರಕ್ತಹೀನತೆಗೆ, ಕ್ಷಯಕ್ಕೆ ಯಾಕೆ ತಪ್ಪಾಗುತ್ತದೆ?

ಹಕ್ಕುಸ್ವಾಮ್ಯದ ಮಾತು ಚಿಕ್ಕದು. ಅಂಗೀಕೃತ ಹಸ್ತಪ್ರತಿಯನ್ನು ಭಂಡಾರದಲ್ಲಿಡಲು ಬಹುತೇಕ ಪ್ರಕಾಶಕರು ಅನುಮತಿ ಕೊಡುತ್ತಾರೆ, ಕೆಲವರು ಕೆಲ ತಿಂಗಳು ಕಾಯಿಸುತ್ತಾರೆ. ಎಂಡಿ ಪ್ರಬಂಧಕ್ಕಂತೂ ಪ್ರಕಾಶಕನೇ ಇಲ್ಲ. ಖರ್ಚೆಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಪುಕ್ಕಟೆ ತಂತ್ರಾಂಶದಲ್ಲಿ ಇಂಥ ಭಂಡಾರ ಕಟ್ಟಿತು. ತಮಿಳುನಾಡಿನ ಎಂಜಿಆರ್ ವೈದ್ಯಕೀಯ ವಿಶ್ವವಿದ್ಯಾಲಯ ಎಂಡಿ ಪ್ರಬಂಧಗಳನ್ನು ಇದೇ ರೀತಿ ತೆರೆದಿಟ್ಟಿದೆ.

ಒಂದು ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ: ರೋಗಿಯ ಗುಟ್ಟು. ‘ಕಮಲಾಪುರದ ಬಾಳೆ ತೋಟದ ಕೂಲಿ, ವಯಸ್ಸು 34, ಅಪರೂಪದ ಚರ್ಮರೋಗ’ ಎಂದು ಬರೆದು ಫೋಟೊ ಹಾಕಿದರೆ ಆ ಊರಲ್ಲಿ ಅವರು ಯಾರೆಂದು ಗೊತ್ತಾಗಲು ಹೆಸರೇನೂ ಬೇಡ. ಊರು, ಉದ್ಯೋಗ, ಮುಖ ತೆಗೆಯದೆ ಒಂದು ಪ್ರಬಂಧವೂ ಭಂಡಾರ ಸೇರಬಾರದು. ಈ ಕೆಲಸ ಮಾಡಬೇಕಾದವರು ಮಾರ್ಗದರ್ಶಕರು ಮತ್ತು ನೈತಿಕ ಸಮಿತಿಯವರು. ಹಳೆಯ ಪ್ರಬಂಧಗಳಿಗೆ ಇದು ತಡವಾಗುತ್ತದೆ ಎಂದರೆ ಈ ವರ್ಷದ ಹೊಸವುಗಳಿಂದ ಶುರುವಾಗಲಿ.

ಯಾರೂ ಬಾಯಿಬಿಟ್ಟು ಹೇಳದ ತಕರಾರು ಒಂದು ಉಳಿಯಿತು. ತೆರೆದಿಟ್ಟರೆ ಹಿಂದಿನ ವರ್ಷದ ಪ್ರಬಂಧದ ಪುಟಗಳು ಈ ವರ್ಷದ್ದರಲ್ಲಿ ಸಿಗಬಹುದು, ರಾಯಚೂರಿನ ರೋಗಿಗಳ ಲೆಕ್ಕ ಕಲಬುರಗಿಯ ಕೋಷ್ಟಕದಲ್ಲಿ ಕಾಣಬಹುದು, ಸಹಿ ಹಾಕಿದ ಮಾರ್ಗದರ್ಶಕರು ಓದಿಯೇ ಇಲ್ಲವೆಂದು ಗೊತ್ತಾಗಬಹುದು. ನನ್ನ ಮಟ್ಟಿಗೆ ಭಂಡಾರ ಬೇಕೆನ್ನಲು ಈ ಭಯವೊಂದೇ ಸಾಕು.